ನಿಮಗಿದು ಗೊತ್ತೆ? ಬಿಯರ್ ಕುಡಿಯಲೂ ಚರ್ಮದ ಹೂಜಿ!

ರಬ್ಬರ್, ಪ್ಲಾಸ್ಟಿಕ್ ಇಲ್ಲದ ಮಧ್ಯಯುಗದ ಇಂಗ್ಲೆಂಡಿನಲ್ಲಿ ಚರ್ಮವಿಲ್ಲದೆ ದಿನ ಸಾಗುತ್ತಿರಲಿಲ್ಲ. ಜೋಡು, ಸೊಂಟಪಟ್ಟಿ, ಹಣದ ಚೀಲ, ಕತ್ತಿಯ ಒರೆ, ಕುದುರೆಯ ಜೀನು ಎಲ್ಲಕ್ಕೂ ಅದೇ ಬೇಕು. ಒಳಮೈಗೆ ರಾಳ ಬಳಿದ ಚರ್ಮದ ಹೂಜಿಯಲ್ಲಿ ಬಿಯರ್ ತುಂಬಿಡುತ್ತಿದ್ದರು; ಕೈಜಾರಿ ಬಿದ್ದರೂ ಅದು ಒಡೆಯುತ್ತಿರಲಿಲ್ಲ.

ಹದ ಮಾಡುವವರ ತಾಳ್ಮೆಯನ್ನು ಮಾತ್ರ ಮೆಚ್ಚಲೇಬೇಕು. ದನದ ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕೆರೆದು, ಮೆತ್ತಗಾಗಲೆಂದು ನಾಯಿಯ ಮಲ ಅಥವಾ ಹಕ್ಕಿಗಳ ಹಿಕ್ಕೆ ಕಲಸಿದ ನೀರಿನಲ್ಲಿ ಅದ್ದುತ್ತಿದ್ದರು. ನಂತರ ಓಕ್ ಮರದ ತೊಗಟೆಯ ಪುಡಿಯೊಂದಿಗೆ ಗುಂಡಿಗೆ ಇಳಿಸಿದರೆ, ದಪ್ಪ ತೊಗಲು ಹದಕ್ಕೆ ಬರಲು ವರ್ಷವೇ ಹಿಡಿಯುತ್ತಿತ್ತು. ದುರ್ವಾಸನೆಯ ಕಾರಣ ಈ ಕಸುಬಿನವರು ಸಾಮಾನ್ಯವಾಗಿ ಊರಂಚಿನ ಹೊಳೆಯ ಬದಿಯಲ್ಲಿರುತ್ತಿದ್ದರು. ಕುರಿ, ಮೇಕೆ, ಜಿಂಕೆಯ ತೆಳು ಚರ್ಮಕ್ಕೆ ತೊಗಟೆಯ ಬದಲು ಪಟಿಕ ಬಳಸುತ್ತಿದ್ದವರೇ ಬೇರೆ.

ಜೋಡಿನ ಹೊಲಿಗೆಯಲ್ಲೂ ಜಾಣ್ಮೆಯಿತ್ತು. ಒಳಮೈ ಹೊರಗಿಟ್ಟುಕೊಂಡು ಹೊಲಿದು, ಆಮೇಲೆ ಇಡೀ ಜೋಡನ್ನು ಮಗುಚುತ್ತಿದ್ದರು. ಹೊಲಿಗೆ ಒಳಗೆ ಸೇರಿ, ಸವೆತ, ಕೆಸರುಗಳಿಂದ ಉಳಿಯುತ್ತಿತ್ತು. 14ನೇ ಶತಮಾನದ ಕೊನೆಗೆ ಉದ್ದ ಮೂತಿಯ ಜೋಡಿನ ಷೋಕಿ ಬಂತು. ಮೂತಿ ಕುಸಿಯದಂತೆ ಒಳಗೆ ಪಾಚಿ ತುರುಕುತ್ತಿದ್ದರು. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಕೆಸರಿನಲ್ಲಿ ಅಂಥ ಜೋಡುಗಳು ಸಿಕ್ಕಿವೆ. ಈ ಷೋಕಿ ಎಷ್ಟು ಬೆಳೆಯಿತೆಂದರೆ, ಲಾರ್ಡ್ ದರ್ಜೆಗಿಂತ ಕೆಳಗಿನವರ ಜೋಡಿನ ಮೂತಿ 2 ಅಂಗುಲ ಮೀರಬಾರದೆಂದು 1463ರಲ್ಲಿ ಕಾನೂನೇ ಬಂತು.