ಕ್ಯಾಸೆಟ್ ಅಂಗಡಿ ಮುಚ್ಚಿದ ಮೇಲೆ: ನಮ್ಮ ಮಕ್ಕಳಿಗೆ ಯಾವ ಓದು, ಯಾವ ಕೆಲಸ?

 

ಈ ವರ್ಷದ ವಿದ್ಯಾರ್ಥಿವೇತನ ಸಂದರ್ಶನದಲ್ಲಿ ಸಿರುಗುಪ್ಪದ ಒಬ್ಬ ತಂದೆ ನಮ್ಮನ್ನೇ ಪ್ರಶ್ನೆ ಕೇಳಿದರು. "ಹದಿನೈದು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದೆ ಸಾಹೇಬರೇ. ಕಲಿತ ಕೆಲಸವೇ ಕೈಬಿಟ್ಟಿತು. ಈಗ ನನ್ನ ಮಗನಿಗೆ ನೀವು ಕೊಡಿಸುವ ಓದು ಹಾಗೆ ಕೈಬಿಡುವುದಿಲ್ಲ ಅಂತ ಹೇಗೆ ನಂಬಲಿ?" ಮಗ ಪಿಯುಸಿ ಮುಗಿಸಿದ್ದ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ಸೇರಿದರೆ ಆ ವಾರದಿಂದಲೇ ಕೂಲಿ ಸಿಗುತ್ತಿತ್ತು. ಮನೆಗೆ ಆ ದುಡ್ಡು ಬೇಕಾಗಿಯೂ ಇತ್ತು. ಈ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಹೊಣೆ ಎಂದು ತಿಳಿದು ಇದನ್ನು ಬರೆಯುತ್ತಿದ್ದೇವೆ.

ಅಂಗಡಿಯಲ್ಲಿ ಏನಿತ್ತು?

ನಮ್ಮಲ್ಲಿ ಅನೇಕರಿಗೆ ಆ ಅಂಗಡಿಗಳ ನೆನಪು ಇನ್ನೂ ಇದೆ. ಗೋಡೆ ತುಂಬ ಸಂಗೀತಾ, ಲಹರಿ, ಟಿ-ಸೀರೀಸ್ ಕ್ಯಾಸೆಟ್‌ಗಳು. ಒಂದು ಕಡೆ ಡಾ. ರಾಜ್‌ಕುಮಾರ್ ಹಾಡುಗಳು, ಇನ್ನೊಂದು ಕಡೆ ತೆಲುಗು ಸಿನಿಮಾ. ರಂಜಾನ್ ಬಂತೆಂದರೆ ನಾತ್, ಖವ್ವಾಲಿ, ಬಯಾನ್. ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟರೆ 60 ಅಥವಾ 90 ನಿಮಿಷದ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ಅಂಗಡಿ ಮಾಲೀಕ, ರೆಕಾರ್ಡಿಂಗ್ ಮಾಡುವ ಹುಡುಗ, ಟೇಪ್ ರೆಕಾರ್ಡರ್ ರಿಪೇರಿಯವನು, ಮದುವೆಗೆ ಮೈಕ್ ಸೆಟ್ ಹಾಕುವವನು, ಹೀಗೆ ಒಂದು ಅಂಗಡಿಯ ಸುತ್ತ ನಾಲ್ಕು ಮನೆಗಳು ಬದುಕುತ್ತಿದ್ದವು.

ಫಿಲಿಪ್ಸ್ ಕಂಪನಿ ಕ್ಯಾಸೆಟ್ ಅನ್ನು ಹೊರತಂದದ್ದು 1963ರಲ್ಲಿ. ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಅದು ಮನೆಮನೆ ಸೇರಿತು. ಆಮೇಲೆ ಸಿ.ಡಿ. ಬಂತು, ನೂರಾರು ಹಾಡು ಹಿಡಿಯುವ ಎಂಪಿ3 ಬಂತು. ಅಂಗಡಿಯವರು ಮೊಬೈಲ್ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೆಲವು ವರ್ಷ ತಳ್ಳಿದರು. 2016ರಿಂದ ಇಂಟರ್ನೆಟ್ ಅಗ್ಗವಾದ ಮೇಲೆ ಅದೂ ನಿಂತಿತು. ಅಮೆರಿಕದಲ್ಲಿ 2022ರಲ್ಲಿ ಹಳೆಯ ಗ್ರಾಮಫೋನ್ ಮಾದರಿಯ ರೆಕಾರ್ಡುಗಳು ಸಿ.ಡಿ.ಗಿಂತ ಹೆಚ್ಚು ಮಾರಾಟವಾದವು. ಅದು ಶೋಕಿಗೆ ಕೊಳ್ಳುವವರ ಮಾರುಕಟ್ಟೆ. ಅದರಿಂದ ಸಿರುಗುಪ್ಪದ ಅಂಗಡಿ ಮತ್ತೆ ತೆರೆಯುವುದಿಲ್ಲ.

ಉಳಿದವರು ಯಾರು?

ಆ ತಂದೆಯೇ ಒಂದು ಮಾತು ಹೇಳಿದರು. ಅಂಗಡಿ ಮುಚ್ಚಿದಾಗ ಅವರಿಗೆ ಉಳಿದದ್ದು ಯಾರೂ ಕೊಳ್ಳದ ಕ್ಯಾಸೆಟ್ ರಾಶಿ ಮತ್ತು ಸಾಲ. ಪಕ್ಕದಲ್ಲಿ ಕೂತು ಟೇಪ್ ರಿಪೇರಿ ಮಾಡುತ್ತಿದ್ದ ಹುಡುಗ ಮಾತ್ರ ಮೊಬೈಲ್ ರಿಪೇರಿ ಕಲಿತು ಇಂದಿಗೂ ದುಡಿಯುತ್ತಿದ್ದಾನೆ. ಸಾಮಾನು ಹಳತಾಯಿತು, ಆದರೆ ಬೆಸುಗೆ ಹಾಕುವ ಕೈ ಹಳತಾಗಲಿಲ್ಲ. ಅವರ ಪ್ರಶ್ನೆಗೆ ಉತ್ತರ ಅವರ ಮಾತಿನಲ್ಲೇ ಇತ್ತು.

ನಮ್ಮ ಸುತ್ತಲೂ ಇದೇ ನಡೆದಿದೆ. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಕಾಳಿನ ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಬಂದರೆ ಕೈಕೆಲಸದವರು ಕಡಿಮೆಯಾಗುತ್ತಾರೆ, ಯಂತ್ರ ನೋಡಿಕೊಳ್ಳುವವರು ಬೇಕಾಗುತ್ತಾರೆ. ಜೀನ್ಸ್ ಘಟಕದಲ್ಲಿ ಪೀಸಿನ ಲೆಕ್ಕದಲ್ಲಿ ಹೊಲಿಯುವವರಿಗೆ ಆರ್ಡರ್ ಇಲ್ಲದ ತಿಂಗಳು ಕೂಲಿಯೂ ಇಲ್ಲ. ಅದೇ ಘಟಕದಲ್ಲಿ ಪ್ಯಾಟರ್ನ್, ಯಂತ್ರ ರಿಪೇರಿ, ಲೆಕ್ಕಪತ್ರ ಬಲ್ಲವರಿಗೆ ಬೇರೆ ಕಡೆಯೂ ಕೆಲಸ ಸಿಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ತಾಂತ್ರಿಕ ಕೆಲಸಕ್ಕೆ ಐಟಿಐ, ಡಿಪ್ಲೊಮಾ ಕೇಳುತ್ತಾರೆ.

ನಾವು ತಿದ್ದಿಕೊಂಡದ್ದು

ಕೆಲವು ವರ್ಷ ನಾವು ಡಿಗ್ರಿ ಓದುವವರಿಗೆ ಮಾತ್ರ ವಿದ್ಯಾರ್ಥಿವೇತನ ಕೊಟ್ಟೆವು. ಐಟಿಐ ಎಂದರೆ ಕಡಿಮೆ ಓದು ಎಂಬ ಭಾವನೆ ನಮ್ಮಲ್ಲೂ ಇತ್ತು. ಕುರುಗೋಡಿನ ಇಬ್ಬರು ಹುಡುಗರ ಅರ್ಜಿಯನ್ನು ಇದೇ ಕಾರಣಕ್ಕೆ ತಿರಸ್ಕರಿಸಿದ್ದೆವು. ಅದು ತಪ್ಪಾಗಿತ್ತು. ಈ ವರ್ಷದಿಂದ ಐಟಿಐ, ಡಿಪ್ಲೊಮಾ, ನರ್ಸಿಂಗ್, ಡಿಗ್ರಿ ಎಲ್ಲಕ್ಕೂ ಅರ್ಜಿ ಹಾಕಬಹುದು. ಜಕಾತ್ ಹಣವನ್ನು ಅರ್ಹ ಬಡ ವಿದ್ಯಾರ್ಥಿಗಳಿಗೆ ಮಾತ್ರ ಕೊಡುತ್ತೇವೆ. ಕಚೇರಿ ಖರ್ಚು ಮತ್ತು ಕಂಪ್ಯೂಟರ್ ಕೊಠಡಿಯ ಖರ್ಚನ್ನು ಸದಕಾ ಹಾಗೂ ಇತರ ದೇಣಿಗೆಯಿಂದ ಭರಿಸುತ್ತೇವೆ.

ಪಾಲಕರ ಗಮನಕ್ಕೆ

1. ನಮ್ಮ ಜಿಲ್ಲೆಗೆ ಸಂವಿಧಾನದ 371ಜೆ ವಿಧಿ ಅನ್ವಯಿಸುತ್ತದೆ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿಯೂ ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿಯೂ ಸ್ಥಳೀಯರಿಗೆ ಮೀಸಲಾತಿ ಇದೆ. ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಕೊನೆಯ ದಿನಕ್ಕೆ ಓಡಬೇಡಿ.

2. ಸರ್ಕಾರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೊದಲು ಅರ್ಜಿ ಹಾಕಿ, ಅದರ ಪ್ರತಿಯನ್ನು ನಮಗೆ ಕೊಡಿ.

3. ಅರ್ಜಿಯೊಂದಿಗೆ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಶುಲ್ಕದ ರಸೀದಿಯ ನಕಲು ಇರಲಿ.

4. ಹೆಣ್ಣುಮಕ್ಕಳ ಅರ್ಜಿಗೆ ಮೊದಲ ಆದ್ಯತೆ.

ಆ ತಂದೆಯ ಮಗ ಈಗ ಐಟಿಐ ಎಲೆಕ್ಟ್ರಿಷಿಯನ್ ಮೊದಲ ವರ್ಷದಲ್ಲಿದ್ದಾನೆ. ಸಂಜೆ ಹೊತ್ತು ಜೀನ್ಸ್ ಘಟಕದಲ್ಲಿ ದುಡಿದು ಮನೆಗೂ ಕೊಡುತ್ತಾನೆ. ಓದು ಮುಗಿಯುವವರೆಗೆ ಆ ಮನೆಯ ಭಾರವನ್ನು ಸ್ವಲ್ಪವಾದರೂ ಹೊರುವುದು ನಮ್ಮ ನಿಮ್ಮೆಲ್ಲರ ಕೆಲಸ.