ಕೊಲೆಯಿಲ್ಲದ ಗಲ್ಲು

ಸಾಂತಾಕ್ರೂಜಿನಿಂದ ಚರ್ಚ್‌ಗೇಟಿಗೆ ಹೋಗುವ ಸ್ಲೋ ಲೋಕಲ್ ಲೋವರ್ ಪರೇಲ್ ದಾಟಿ ಮಹಾಲಕ್ಷ್ಮಿಯಲ್ಲಿ ನಿಲ್ಲುತ್ತದೆ. ಆ ಸ್ಟೇಷನ್ನಿನ ಹತ್ತಿರವೇ ಮುಚ್ಚಿಹೋದ ಶಕ್ತಿ ಮಿಲ್ಲಿನ ಆವರಣ. ಅದೇ ಗಾಡಿಯಲ್ಲಿ ಕೊನೆಯವರೆಗೆ ಹೋಗಿ ಇಳಿದರೆ ಓವಲ್ ಮೈದಾನದ ಆಚೆ ಬಾಂಬೆ ಹೈಕೋರ್ಟು. ಇನ್ನಷ್ಟು ನಡೆದರೆ ಆಜಾದ್ ಮೈದಾನ. ಯಾರ ಜೀವವನ್ನೂ ತೆಗೆಯದವನ ಜೀವ ತೆಗೆಯಬಹುದೇ ಎಂಬ ಪ್ರಶ್ನೆಯನ್ನು ಮುಂಬಯಿ ಎದುರಿಸಿದ್ದು ಈ ಜಾಗಗಳಲ್ಲಿ.

ಕೊಲೆಗೆ ಮರಣದಂಡನೆ ಎಂಬುದು ಹಲವು ಹಳೆಯ ಕಾನೂನುಗಳಲ್ಲಿ ಇದೆ. ಉಳಿದ ಯಾವ ಯಾವ ತಪ್ಪಿಗೆ ಸಾವು ಎಂಬ ಪಟ್ಟಿ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಆ ಪಟ್ಟಿಯನ್ನು ನೋಡಿದರೆ ಆಯಾ ಕಾಲದ ಆಳುವವರು ಯಾವುದಕ್ಕೆ ಹೆದರುತ್ತಿದ್ದರು ಎಂಬುದು ತಿಳಿಯುತ್ತದೆ.

ಕೆರೆ, ಕುಲ, ಸಿಂಹಾಸನ

ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೆರೆಕಟ್ಟೆ ಒಡೆಯುವವನಿಗೊಂದು ಶಿಕ್ಷೆಯಿದೆ. ನೀರು ತುಂಬಿದ ಕೆರೆಯ ಏರಿ ಒಡೆದವನನ್ನು ಅಲ್ಲಿಯೇ ನೀರಿನಲ್ಲಿ ಮುಳುಗಿಸಿ ಕೊಲ್ಲಬೇಕು. ಕೆರೆಯಲ್ಲಿ ನೀರಿಲ್ಲದಿದ್ದರೆ ದಂಡ ಸಾಕು. ಪಾಳುಬಿದ್ದ ಕೆರೆಯಾದರೆ ದಂಡ ಇನ್ನೂ ಕಡಿಮೆ. ತಪ್ಪು ಒಂದೇ, ರಾಜ್ಯಕ್ಕೆ ಆಗುವ ನಷ್ಟದ ಮೇಲೆ ಶಿಕ್ಷೆ ಏರಿಳಿಯುತ್ತದೆ.

ಕನ್ನಡ ನಾಡಿಗೆ ಚೆನ್ನಾಗಿ ನೆನಪಿರುವುದು ಕಲ್ಯಾಣದ ಶಿಕ್ಷೆ. ಶರಣರ ಚರಿತೆಗಳು ಹೇಳುವಂತೆ, ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಅಲ್ಲಿನ ಅರಸ ಬಿಜ್ಜಳ ಬೀಗರಿಬ್ಬರನ್ನೂ ಎಳೆಹೂಟೆಗೆ ಕೊಟ್ಟ. ಆನೆಯ ಕಾಲಿಗೆ ಕಟ್ಟಿ ಊರ ಬೀದಿಯಲ್ಲಿ ಎಳೆಸಿದ. ಅಲ್ಲಿ ಹೆಣ ಬಿದ್ದಿರಲಿಲ್ಲ, ಕಳವು ಆಗಿರಲಿಲ್ಲ. ಕುಲದ ಕಟ್ಟು ಸಡಿಲವಾದೀತೆಂಬ ಭಯ ಮಾತ್ರ ಇತ್ತು.

ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಅಲ್ಲಿನ ದಂಡನೆಯನ್ನು ಬರೆದಿಟ್ಟಿದ್ದಾನೆ. ಸಣ್ಣ ಕಳ್ಳನಿಗೆ ಒಂದು ಕೈ, ಒಂದು ಕಾಲು ಕಡಿಯುತ್ತಿದ್ದರು. ದೊಡ್ಡ ಕಳ್ಳನನ್ನು ಗದ್ದಕ್ಕೆ ಕೊಕ್ಕೆ ಸಿಕ್ಕಿಸಿ ನೇತುಹಾಕುತ್ತಿದ್ದರು. ಮರ್ಯಾದಸ್ಥ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದವನಿಗೂ ಅದೇ ಗತಿ. ದ್ರೋಹ ಬಗೆದ ಪಾಳೆಯಗಾರನಿಗೆ ಶೂಲ.

ಕಾಗದಕ್ಕೆ ಕೊರಳು

ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಗಲ್ಲಿನ ಅಪರಾಧಗಳು 200ಕ್ಕೂ ಹೆಚ್ಚಿದ್ದವು. 1808ರವರೆಗೆ ಒಂದು ಶಿಲ್ಲಿಂಗಿಗಿಂತ ಹೆಚ್ಚು ಬೆಲೆಯದ್ದನ್ನು ಜೇಬಿನಿಂದ ಎಗರಿಸಿದವನಿಗೂ ಗಲ್ಲಾಗಬಹುದಿತ್ತು. ವ್ಯಾಪಾರ ಬೆಳೆದಂತೆ ಸುಳ್ಳು ಪತ್ರ, ಸುಳ್ಳು ರುಜುವಿನ ಭಯವೂ ಬೆಳೆಯಿತು. ಖೋಟಾ ದಸ್ತೈವಜಿಗೂ ಮರಣವೇ ಶಿಕ್ಷೆಯಾಯಿತು.

ಆ ಇಂಗ್ಲಿಷ್ ಕಾನೂನು ಹಡಗು ಹತ್ತಿ ಇಲ್ಲಿಗೂ ಬಂತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಮೇಲೆ ಲಂಚದ ಆರೋಪ ಹೊರಿಸಿದ್ದ ಬಂಗಾಳದ ಮಹಾರಾಜ ನಂದಕುಮಾರನ ಮೇಲೆ ಖೋಟಾ ಪತ್ರದ ಖಟ್ಲೆ ನಡೆಯಿತು. 1775ರ ಆಗಸ್ಟ್ 5ರಂದು ಕಲ್ಕತ್ತೆಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಗ ಈ ನೆಲದಲ್ಲಿ ಖಾಸಗಿ ಖೋಟಾ ಪತ್ರಕ್ಕೆ ಪ್ರಾಣ ತೆರುವ ರೂಢಿಯಿರಲಿಲ್ಲ.

ಅತಿಯಾದ ಶಿಕ್ಷೆ ಕೊನೆಗೆ ಕಾನೂನಿನ ಕೈಯನ್ನೇ ಕಟ್ಟಿತು. ನಲವತ್ತು ಶಿಲ್ಲಿಂಗಿನ ಮನೆಗಳ್ಳತನಕ್ಕೆ ಗಲ್ಲು ಎಂದಿದ್ದಾಗ ಇಂಗ್ಲೆಂಡಿನ ಜ್ಯೂರಿಗಳು ಕಣ್ಣಾರೆ ಕಂಡ ಮಾಲಿಗೂ ಮೂವತ್ತೊಂಬತ್ತೇ ಶಿಲ್ಲಿಂಗ್ ಬೆಲೆ ಕಟ್ಟಿ ಕಳ್ಳನ ಜೀವ ಉಳಿಸುತ್ತಿದ್ದರು. ಖೋಟಾ ಪತ್ರದ ಕೇಸುಗಳಲ್ಲಿ ಅಪರಾಧಿಗಳು ಪಾರಾಗತೊಡಗಿದಾಗ, 1830ರಲ್ಲಿ ಬ್ಯಾಂಕಿನವರೇ ಈ ಗಲ್ಲನ್ನು ತೆಗೆದುಹಾಕಿ ಎಂದು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟರು. ಮೆಕಾಲೆಯ ಕಾನೂನು ಆಯೋಗ ಕರಡು ಬರೆದ, 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆ ಕಳ್ಳತನಕ್ಕೂ ಖೋಟಾ ಪತ್ರಕ್ಕೂ ಗಲ್ಲು ಇಡಲಿಲ್ಲ. ಸರ್ಕಾರದ ವಿರುದ್ಧ ಯುದ್ಧ ಸಾರುವುದು ಮಾತ್ರ ಪಟ್ಟಿಯಲ್ಲಿ ಭದ್ರವಾಗಿ ಕುಳಿತಿತು.

1857ರ ದೀಪಾವಳಿ

ಆಳುವವರ ದಂಗೆಯ ಭಯವನ್ನು ಕಾಣಲು ದೂರ ಹೋಗಬೇಕಿಲ್ಲ. 1857ರ ಅಕ್ಟೋಬರಿನಲ್ಲಿ ಮುಂಬಯಿಯ ಸಿಪಾಯಿಗಳು ದೀಪಾವಳಿಗೆ ದಂಗೆ ಏಳುವ ಸಂಚು ನಡೆಸಿದ್ದರು. ಪೊಲೀಸ್ ಅಧಿಕಾರಿ ಚಾರ್ಲ್ಸ್ ಫೋರ್ಜೆಟ್ ಸೋನಾಪುರದ ಮನೆಯೊಂದರ ಗೋಡೆಯ ತೂತಿನಿಂದ ಅವರ ಗುಟ್ಟಿನ ಮಾತು ಕೇಳಿಸಿಕೊಂಡ. ಸಿಪಾಯಿಗಳ ಇಂಗ್ಲಿಷ್ ಅಧಿಕಾರಿಯನ್ನೂ ಕರೆತಂದು ತೋರಿಸಿದ. ಸೇನಾ ನ್ಯಾಯಾಲಯದ ವಿಚಾರಣೆ ಬೇಗ ಮುಗಿಯಿತು. ಅಕ್ಟೋಬರ್ 15ರಂದು ಎಸ್ಪ್ಲನೇಡಿನಲ್ಲಿ, ಅಂದರೆ ಇಂದಿನ ಆಜಾದ್ ಮೈದಾನದ ಕಡೆ, ಸೈಯದ್ ಹುಸೇನ್ ಮತ್ತು ಮಂಗಲ್ ಗಾಡಿಯಾ ಎಂಬಿಬ್ಬರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಅವರ ಸಂಚು ಮಾತಿನ ಹಂತ ದಾಟಿರಲಿಲ್ಲ. ಅದರಿಂದ ಒಂದು ಜೀವವೂ ಹೋಗಿರಲಿಲ್ಲ.

ಎರಡು ತಿಂಗಳೂ ಕಳೆಯುವ ಮುನ್ನ ಅದೇ ಭಯ ಉತ್ತರ ಕರ್ನಾಟಕದಲ್ಲಿ ಕಾಣಿಸಿಕೊಂಡಿತು. ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪಲಿಲ್ಲ. ದಂಡು ಬಂತು, ಹೊಡೆದಾಟವಾಯಿತು, ಊರು ಸುಟ್ಟುಹೋಯಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಮಂದಿಯನ್ನು, ಹಲಗಲಿಯಲ್ಲಿ 6 ಮಂದಿಯನ್ನು ಗಲ್ಲಿಗೇರಿಸಿದರು. ಬೇಟೆಗಾರನ ಕೈಯ ಕತ್ತಿ ಬಂದೂಕುಗಳೇ ಆ ವರ್ಷ ಸಾವಿಗೆ ದಾರಿಯಾದವು.

ಹೈಕೋರ್ಟಿನ ಮುಂದೆ

ಸ್ವತಂತ್ರ ಭಾರತದಲ್ಲಿ ಪಟ್ಟಿ ಕುಗ್ಗಬೇಕಿತ್ತು, ಅದು ಬೆಳೆಯಿತು. ಮಾದಕ ವಸ್ತುಗಳ ಕಾಯ್ದೆಗೆ 1989ರಲ್ಲಿ 31ಎ ಕಲಮನ್ನು ಸೇರಿಸಿದರು. ದೊಡ್ಡ ಪ್ರಮಾಣದ ಸಾಗಣೆಯಲ್ಲಿ ಎರಡನೆಯ ಸಲ ತಪ್ಪಿತಸ್ಥನಾದರೆ ಮರಣದಂಡನೆ ಕಡ್ಡಾಯವಾಗಿತ್ತು. ನ್ಯಾಯಾಧೀಶರಿಗೆ ಬೇರೆ ದಾರಿಯೇ ಇರಲಿಲ್ಲ. 2008ರಲ್ಲಿ ಮುಂಬಯಿಯ ವಿಶೇಷ ಕೋರ್ಟು ಚರಸ್ ಸಾಗಣೆಯ ಕೇಸಿನಲ್ಲಿ ಒಬ್ಬನಿಗೆ ಈ ಶಿಕ್ಷೆ ವಿಧಿಸಿತು. 2011ರ ಜೂನಿನಲ್ಲಿ ಬಾಂಬೆ ಹೈಕೋರ್ಟು ಕಡ್ಡಾಯ ಮರಣದಂಡನೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಕೊಲ್ಲುವುದೋ ಬಿಡುವುದೋ ಎಂದು ತೂಗಿ ನೋಡುವ ಅಧಿಕಾರವನ್ನು ನ್ಯಾಯಾಧೀಶರಿಂದ ಕಿತ್ತುಕೊಳ್ಳುವಂತಿಲ್ಲ ಎಂಬುದು ಅದರ ಸಾರ. 2014ರಲ್ಲಿ ಸಂಸತ್ತು ಕಾಯ್ದೆಯನ್ನೇ ಹಾಗೆ ತಿದ್ದಿತು.

ಹೈಕೋರ್ಟಿನ ಮುಂದೆ ಬಂದ ಎರಡನೆಯದು ಶಕ್ತಿ ಮಿಲ್ ಪ್ರಕರಣ. 2013ರ ಆಗಸ್ಟ್ 22ರಂದು ಆ ಪಾಳು ಮಿಲ್ಲಿನಲ್ಲಿ ಪತ್ರಿಕಾ ಛಾಯಾಗ್ರಾಹಕಿಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಆ ಸುದ್ದಿ ಹರಡಿದ ಮೇಲೆ, ಜುಲೈಯಲ್ಲಿ ಅಲ್ಲಿಯೇ ತನಗೂ ಹೀಗಾಗಿತ್ತೆಂದು ಇನ್ನೊಬ್ಬ ಯುವತಿ ದೂರು ಕೊಟ್ಟಳು. ದೆಹಲಿಯ ನಿರ್ಭಯಾ ಅತ್ಯಾಚಾರ-ಕೊಲೆಯ ಬಳಿಕ 2013ರಲ್ಲೇ ದಂಡ ಸಂಹಿತೆಗೆ ಸೇರಿಸಿದ್ದ 376ಇ ಕಲಮು ಮರಳಿ ಅತ್ಯಾಚಾರ ಎಸಗಿದವನಿಗೆ ಮರಣದಂಡನೆಗೆ ಅವಕಾಶ ಕೊಡುತ್ತಿತ್ತು. 2014ರ ಏಪ್ರಿಲ್ 4ರಂದು ಸೆಷನ್ಸ್ ಕೋರ್ಟು ಮೂವರಿಗೆ ಅದನ್ನೇ ವಿಧಿಸಿತು. ಸಂತ್ರಸ್ತೆಯರು ಬದುಕಿದ್ದ ಪ್ರಕರಣದಲ್ಲಿ ಸಾವಿನ ಶಿಕ್ಷೆ ಎಂದು ದೇಶವೇ ತಿರುಗಿ ನೋಡಿತು.

2019ರಲ್ಲಿ ಹೈಕೋರ್ಟು ಆ ಕಲಮು ಸಂವಿಧಾನಬದ್ಧ ಎಂದು ಎತ್ತಿಹಿಡಿಯಿತು. ಆದರೆ 2021ರ ನವೆಂಬರ್ 25ರಂದು ನ್ಯಾಯಮೂರ್ತಿಗಳಾದ ಸಾಧನಾ ಜಾಧವ್ ಮತ್ತು ಪೃಥ್ವಿರಾಜ್ ಚವಾಣ್ ಅವರ ಪೀಠ ಮೂವರ ಶಿಕ್ಷೆಯನ್ನೂ ಜೀವಾವಧಿಗೆ ಇಳಿಸಿತು. ಸಾವು ಪಶ್ಚಾತ್ತಾಪಕ್ಕೆ ಎಡೆಯನ್ನೇ ಉಳಿಸದು, ಇವರು ಜೈಲಿನಲ್ಲಿದ್ದು ಪಶ್ಚಾತ್ತಾಪ ಪಡಬೇಕು ಎಂದು ಪೀಠ ಹೇಳಿತು. ಪೆರೋಲಿಗೂ ಫರ್ಲೋಗೂ ಅವಕಾಶ ಕೊಡಲಿಲ್ಲ.

ಇಂದಿನ ಪಟ್ಟಿ

ಗಲ್ಲು ಬೇಡವೆನ್ನುವವರ ಒಂದು ವಾದಕ್ಕೆ ಕರುಣೆಯ ಹಂಗಿಲ್ಲ, ಅದು ಬರೀ ಲೆಕ್ಕ. ಅತ್ಯಾಚಾರಕ್ಕೂ ಕೊಲೆಗೂ ಒಂದೇ ಶಿಕ್ಷೆಯಾದರೆ, ಗುರುತು ಹಿಡಿಯಬಲ್ಲ ಏಕೈಕ ಸಾಕ್ಷಿಯನ್ನು ಜೀವಂತ ಬಿಡಲು ಅಪರಾಧಿಗೆ ಕಾರಣ ಉಳಿಯುವುದಿಲ್ಲ. 2015ರಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಹೊರತು ಉಳಿದೆಲ್ಲಕ್ಕೂ ಮರಣದಂಡನೆ ರದ್ದಾಗಲಿ ಎಂದಿತ್ತು. ಶಾಸನ ಹಿಡಿದದ್ದು ಬೇರೆ ದಾರಿ. 2018ರಲ್ಲಿ 12 ವರ್ಷದೊಳಗಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರ ಪಟ್ಟಿಗೆ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 18 ವರ್ಷದೊಳಗಿನ ಹೆಣ್ಣುಮಕ್ಕಳ ಮೇಲಿನ ಸಾಮೂಹಿಕ ಅತ್ಯಾಚಾರಕ್ಕೂ ಗಲ್ಲಿಗೆ ಅವಕಾಶವಿದೆ.

ಪುಸ್ತಕದ ಕಾನೂನು ಹೀಗೆ ಬೆಳೆಯುತ್ತಿದ್ದರೂ, 2004ರಿಂದ 2020ರವರೆಗೆ ಭಾರತದಲ್ಲಿ ನೇಣಿಗೇರಿದ ಎಂಟು ಮಂದಿಯ ಪ್ರಕರಣಗಳಲ್ಲೂ ಜೀವಹಾನಿ ಆಗಿತ್ತು. ಇನ್ನು ಮುಂದೆ ಯಾವುದಾದರೂ ಹೊಸ ಅಪರಾಧಕ್ಕೆ ಗಲ್ಲಾಗಲಿ ಎಂಬ ಕೂಗು ಎದ್ದಾಗ ಓದುಗರು ಎರಡು ಪ್ರಶ್ನೆ ಕೇಳಿಕೊಳ್ಳಲಿ: ಈ ಕಾನೂನಿನಿಂದ ನೊಂದವರ ಜೀವಕ್ಕೆ ರಕ್ಷಣೆ ಹೆಚ್ಚುತ್ತದೆಯೇ? ಅಪರಾಧ ಸಾಬೀತಾಗುವುದು ಹೆಚ್ಚುತ್ತದೆಯೇ? ಎರಡಕ್ಕೂ ಹೌದೆನ್ನಲಾಗದಿದ್ದರೆ, ಆ ಗಲ್ಲು ಆಳುವವರ ಭಯವನ್ನೋ ಜನರ ಸಿಟ್ಟನ್ನೋ ತಣಿಸೀತೇ ಹೊರತು ನ್ಯಾಯವಾಗದು.