ದೋಹಾದಲ್ಲಿ ಸೋತೆವಾ, ಗುವಾಹಟಿಯಲ್ಲೇ ಸೋತೆವಾ?

ಕತಾರ್, ಕುವೈತ್ ಅಂದ್ರೆ ನಮ್ಮ ಕರಾವಳಿಗೆ ದೂರದ ದೇಶಗಳಲ್ಲ. ಆದಿ ಉಡುಪಿ, ಕಾಪು, ಕಾರ್ಕಳ ಯಾವ ಕಡೆ ಹೋಗಿ ಕೇಳಿ, ಅಣ್ಣನೋ ಭಾವನೋ ಅಲ್ಲಿ ಕೆಲಸದಲ್ಲಿರುವ ಮನೆಗಳು ಸಿಕ್ಕೇ ಸಿಗುತ್ತವೆ. 2026ರ ಫುಟ್ಬಾಲ್ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭಾರತ ಇದ್ದದ್ದು ಇದೇ ಎರಡು ದೇಶಗಳ ಜೊತೆ, ಎ ಗುಂಪಿನಲ್ಲಿ. ನಾಲ್ಕನೆಯದು ಅಫ್ಘಾನಿಸ್ತಾನ.

ಮೊದಲು ಲೆಕ್ಕ ಅರ್ಥಮಾಡಿಕೊಳ್ಳೋಣ. ಏಷ್ಯಾದ ಎರಡನೇ ಸುತ್ತಿನಲ್ಲಿ 36 ತಂಡ, 9 ಗುಂಪು. ಗುಂಪಿನ ಪ್ರತಿ ಎದುರಾಳಿ ಜೊತೆ ಎರಡೆರಡು ಪಂದ್ಯ, ಒಟ್ಟು ಆರು. ಗೆದ್ದರೆ 3 ಅಂಕ, ಡ್ರಾ ಆದರೆ 1. ಮೊದಲ ಎರಡು ತಂಡ ಮುಂದಕ್ಕೆ, ಉಳಿದೆರಡು ಮನೆಗೆ. ಕತಾರ್ ಏಷ್ಯಾ ಚಾಂಪಿಯನ್. ಹಾಗಾಗಿ ನಿಜವಾದ ಜಗಳ ಇದ್ದದ್ದು ಎರಡನೇ ಸ್ಥಾನಕ್ಕೆ.

ಆರಂಭ ಭರ್ಜರಿಯಾಗೇ ಇತ್ತು. 2023ರ ನವೆಂಬರ್ 16ರಂದು ಕುವೈತ್‌ನಲ್ಲೇ ಕುವೈತ್ ವಿರುದ್ಧ 1-0. ಮನ್ವೀರ್ ಸಿಂಗ್ ಗೋಲು. ಐದು ದಿನದ ನಂತರ ಭುವನೇಶ್ವರದಲ್ಲಿ ಕತಾರ್ ಎದುರು 0-3 ಸೋಲು. ಅದು ನಿರೀಕ್ಷಿತ. 2024ರ ಮಾರ್ಚ್‌ನಲ್ಲಿ ಸೌದಿಯ ಅಭಾದಲ್ಲಿ ಅಫ್ಘಾನಿಸ್ತಾನದ ಜೊತೆ 0-0. ಗುವಾಹಟಿಯಲ್ಲಿ ಅದೇ ತಂಡದ ಕೈಲಿ 1-2 ಸೋಲು. ಜೂನ್ 6ರಂದು ಕೋಲ್ಕತ್ತದಲ್ಲಿ ಸುನಿಲ್ ಛೆಟ್ರಿ ವಿದಾಯದ ಪಂದ್ಯ, ಕುವೈತ್ ಜೊತೆ 0-0.

ಹೀಗೆ ಜೂನ್ 11ರ ಕೊನೆಯ ದಿನ ಬಂತು. ದೋಹಾದಲ್ಲಿ ಗೆದ್ದರೆ 8 ಅಂಕ, ನೇರವಾಗಿ ಮೂರನೇ ಸುತ್ತು. 37ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದೇಬಿಟ್ಟರು! 73ನೇ ನಿಮಿಷದವರೆಗೂ ಭಾರತ ಮುಂದಿತ್ತು. ಆಮೇಲೆ ಆ ಚೆಂಡು. ಗೋಲಿನ ಪಕ್ಕದ ಗೆರೆ ದಾಟಿ ಹೋದಂತೆ ಕಂಡ ಚೆಂಡನ್ನು ಕತಾರ್ ಆಟಗಾರ ಒಳಗೆಳೆದ, ಇನ್ನೊಬ್ಬ ಗೋಲಿಗೆ ನೂಕಿದ. ನಿಯಮ ಸರಳ: ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಆಟ ನಿಂತಂತೆ. ರೆಫರಿ ಗೋಲು ಕೊಟ್ಟರು. ವಿಡಿಯೋ ನೋಡಿ ತಿದ್ದಲು ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. 85ನೇ ನಿಮಿಷದಲ್ಲಿ ಇನ್ನೊಂದು ಗೋಲು. 2-1, ಕತೆ ಮುಗಿಯಿತು. ಅತ್ತ ಕುವೈತ್ ಅಫ್ಘಾನಿಸ್ತಾನವನ್ನು 1-0ಯಿಂದ ಸೋಲಿಸಿತ್ತು.

ಅಂತಿಮ ಪಟ್ಟಿ: ಕತಾರ್ 16, ಕುವೈತ್ 7, ಭಾರತ 5, ಅಫ್ಘಾನಿಸ್ತಾನ 5.

ಅನ್ಯಾಯ ಆಯಿತಾ? ಆಯಿತು. ಕೋಪ ಬರಬೇಕಾ? ಖಂಡಿತ ಬರಬೇಕು. ಆದರೆ ಸಂತೆಯಿಂದ ಬಂದ ಮೇಲೆ ಚೀಲ ತೆರೆದು ಲೆಕ್ಕ ನೋಡುತ್ತೇವಲ್ಲ, ಹಾಗೆ ಒಮ್ಮೆ ನೋಡಿ. ಗುವಾಹಟಿಯಲ್ಲಿ ಛೆಟ್ರಿ ತಮ್ಮ 150ನೇ ಪಂದ್ಯದಲ್ಲಿ ಪೆನಾಲ್ಟಿ ಗೋಲು ಹೊಡೆದಿದ್ದರು. 70ನೇ ನಿಮಿಷದವರೆಗೂ ಭಾರತವೇ ಮುಂದೆ. ಆ ಮುನ್ನಡೆ ಉಳಿಸಿಕೊಂಡಿದ್ದರೆ ನಮ್ಮ ಖಾತೆಯಲ್ಲಿ 8 ಅಂಕ. ದೋಹಾದಲ್ಲಿ ಸೋತರೂ ಕುವೈತ್‌ಗಿಂತ ಮೇಲೆ! ಕೋಲ್ಕತ್ತದಲ್ಲಿ ಒಂದೇ ಒಂದು ಗೋಲು ಬಿದ್ದು ಗೆದ್ದಿದ್ದರೆ ನಮಗೆ 7, ಕುವೈತ್‌ಗೆ 6. ಆಗಲೂ ನಾವೇ ಮುಂದಕ್ಕೆ. ಅಂದರೆ ರೆಫರಿ ಕೈಗೆ ನಮ್ಮ ಹಣೆಬರಹ ಹೋಗುವ ಮೊದಲೇ ಎರಡು ಬಾಗಿಲು ತೆರೆದಿದ್ದವು. ಎರಡೂ ನಮ್ಮ ನೆಲದಲ್ಲೇ.

ಆರು ಪಂದ್ಯಕ್ಕೆ ಭಾರತ ಹೊಡೆದದ್ದು ಬರೀ ಮೂರು ಗೋಲು. ಅದರಲ್ಲಿ ಒಂದು ಪೆನಾಲ್ಟಿ. ಇದು ಅಸಲಿ ರೋಗ.

ಈ ಸೋಲಿನ ಬೆಲೆ ಒಂದು ಸುತ್ತಿಗೆ ನಿಲ್ಲಲಿಲ್ಲ. ಮೊದಲೆರಡು ಸ್ಥಾನ ಸಿಕ್ಕಿದ್ದರೆ 2027ರ ಏಷ್ಯಾಕಪ್ ಟಿಕೆಟ್ಟೂ ಜೊತೆಗೇ ಸಿಗುತ್ತಿತ್ತು. ಸಿಗದೆ ಮತ್ತೊಂದು ಅರ್ಹತಾ ಗುಂಪಿಗೆ ಬಿದ್ದೆವು. ಗೋಲು ಹೊಡೆಯುವವರಿಲ್ಲದೆ 2025ರಲ್ಲಿ ಛೆಟ್ರಿಯವರನ್ನೇ ವಾಪಸ್ ಕರೆಸಬೇಕಾಯಿತು. ಆದರೂ ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಾಪುರಕ್ಕೆ 1-2ರಿಂದ ಸೋತು ಆ ದಾರಿಯೂ ಮುಚ್ಚಿತು. ಅಲ್ಲಿ ಯಾವ ಚೆಂಡೂ ಗೆರೆ ದಾಟಿ ಒಳಗೆ ಬಂದಿರಲಿಲ್ಲ.

ದೋಹಾದ ಗೋಲನ್ನು ಮರೆಯುವುದು ಬೇಡ. ಆದರೆ ಗುವಾಹಟಿಯನ್ನು ಮರೆಯಲು ಅದನ್ನು ನೆಪ ಮಾಡಿಕೊಳ್ಳುವುದೂ ಬೇಡ.